ಗಲಭೆ, ಲೇಖನಿ ಮತ್ತು ನಮ್ಮ ಮೌನ

2006ರ ಅಕ್ಟೋಬರಿನಲ್ಲಿ ಮಂಗಳೂರು ಕೋಮುಗಲಭೆಯಿಂದ ತತ್ತರಿಸಿತು; ಕರ್ಫ್ಯೂ ಜಾರಿಯಾಯಿತು. ಅಂದು ರಾಜ್ಯವನ್ನು ಆಳುತ್ತಿದ್ದುದು ಜೆಡಿಎಸ್–ಬಿಜೆಪಿ ಸಮ್ಮಿಶ್ರ ಸರ್ಕಾರ. ಅದರ ಅವಧಿಯಲ್ಲಿಯೇ, 2007ರ ಮಾರ್ಚ್‌ನಲ್ಲಿ, ‘ಕರಾವಳಿ ಅಲೆ’ ಪತ್ರಿಕೆಯ ಸಂಪಾದಕ ಬಿ.ವಿ. ಸೀತಾರಾಂ ಅವರನ್ನು ದಿಗಂಬರ ಜೈನ ಮುನಿಗಳ ಕುರಿತ ಬರಹಕ್ಕಾಗಿ ಬಂಧಿಸಲಾಯಿತು. ಗಲಭೆಗೂ ಬರಹಕ್ಕೂ ಒಂದೇ ಮದ್ದು: ನಿರ್ಬಂಧ. ಹಿಂಸೆಯನ್ನು ತಡೆಯಲು ಅದು ಬೇಕು; ನುಡಿಯನ್ನು ತಡೆಯಲು ಸಲ್ಲದು. ಇದೇ ನಮ್ಮ ಆಕ್ಷೇಪ.

ಆ ಬರಹವನ್ನು ನಾವು ಸಮರ್ಥಿಸುತ್ತಿಲ್ಲ. ಅನ್ಯರ ತಪಸ್ಸನ್ನು ಗೌರವಿಸುವುದು ನಮ್ಮ ಧರ್ಮ. ಆದರೆ ನೊಂದವರಿಗೆ ಪ್ರತ್ಯುತ್ತರ, ಖಂಡನೆ, ದಾವೆಗಳ ದಾರಿಯಿದೆ. ಸೆರೆಮನೆ ವಾದಕ್ಕೆ ಉತ್ತರವಾಗದು. ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಇಂತೆರ್ ಮಿರಿಫಿಕಾ’ (1963) ಸಾರ್ವಜನಿಕ ನೀತಿಯನ್ನು ಕಾಯುವ ಹೊಣೆಯನ್ನು ಸರ್ಕಾರಕ್ಕೆ ಒಪ್ಪಿಸುತ್ತದೆ, ನಿಜ. ಆದರೆ ಮಾಹಿತಿಯ ನ್ಯಾಯಯುತ ಸ್ವಾತಂತ್ರ್ಯವನ್ನು ರಕ್ಷಿಸುವುದೂ ಅದರ ಕರ್ತವ್ಯವೆಂದು ಬೋಧಿಸುತ್ತದೆ.

ಆ ಬಂಧನ ನಮ್ಮ ಸಂಗತಿಯಲ್ಲವೆಂದು ನಮ್ಮಲ್ಲಿ ಹಲವರು ಸುಮ್ಮನಿದ್ದೆವು. 2008ರ ಸೆಪ್ಟೆಂಬರಿನಲ್ಲಿ ಹೆಬ್ಬಾಳದ ಬಳಿಯ ಮರಿಯಣ್ಣಪಾಳ್ಯದ ಸಂತ ಜೇಮ್ಸರ ದೇವಾಲಯ ದಾಳಿಗೀಡಾದಾಗ, ಪತ್ರಿಕೆಗಳು ಅದನ್ನು ನಿರ್ಭಯವಾಗಿ ಬರೆಯಲೆಂದು ಹಂಬಲಿಸಿದವರೂ ನಾವೇ. ಪರರ ಲೇಖನಿಗೆ ಬೀಗ ಬಿದ್ದಾಗ ಮೌನವಾಗಿದ್ದವರು, ತಮ್ಮ ಗಾಯಕ್ಕೆ ಸಾಕ್ಷಿ ಬೇಡುವುದಾದರೂ ಹೇಗೆ? ಧರ್ಮಪೀಠದಿಂದ ಸತ್ಯವನ್ನು ಸಾರಲು ಸಿದ್ಧರಾಗುತ್ತಿರುವ ಗುರು ಅಭ್ಯರ್ಥಿಗಳು ಈ ಪ್ರಶ್ನೆಯನ್ನು ಮೊದಲು ತಮಗೇ ಕೇಳಿಕೊಳ್ಳಲಿ.