ದಾದಿಯ ಕೈಗೆ ಏನು ಕೊಡಬೇಕು?

ಕುದುರೆ ಹತ್ತಿಸಿ ಕೈಗೊಂದು ಕತ್ತಿ ಕೊಟ್ಟರೆ ಸೇನಾಪತಿಯ ಪ್ರತಿಮೆ ಮುಗಿಯಿತು. ಯುದ್ಧಕಾಲದ ದಾದಿಯನ್ನು ರೂಪಿಸುವ ಶಿಲ್ಪಿಗೆ ಅಂಥ ಸೌಕರ್ಯವಿಲ್ಲ. ಆಕೆಯ ಕೆಲಸವೆಲ್ಲ ಬಗ್ಗಿ, ಮಂಡಿಯೂರಿ, ಹಾಸಿಗೆಯ ಮಗ್ಗುಲಲ್ಲಿ ಆಗುವಂಥದ್ದು. ಪ್ರತಿಮೆಯೋ ಎತ್ತರದ ಪೀಠದ ಮೇಲೆ ನೆಟ್ಟಗೆ ನಿಲ್ಲಬೇಕು. ಈ ಇಕ್ಕಟ್ಟಿಗೆ ಲಂಡನ್ನಿನಲ್ಲಿ ಮೂರು ಉತ್ತರಗಳಿವೆ.

ವಾಟರ್ಲೂ ಪ್ಲೇಸ್‌ನಲ್ಲಿ ಎ.ಜಿ. ವಾಕರ್ 1915ರಲ್ಲಿ ನಿಲ್ಲಿಸಿದ ಕಂಚಿನ ಫ್ಲಾರೆನ್ಸ್ ನೈಟಿಂಗೇಲ್ ಕೈಯಲ್ಲಿ ದೀಪವಿದೆ. ಹತ್ತಿರ ಹೋಗಿ ನೋಡಿ: ಅದು ಹಳೆಯ ಗ್ರೀಕ್-ರೋಮನ್ ಮಾದರಿಯ ಎಣ್ಣೆ ದೀಪ. ಕ್ರೈಮಿಯಾ ಯುದ್ಧದಲ್ಲಿ ಆಕೆ ಕೆಲಸ ಮಾಡಿದ ಸ್ಕುಟಾರಿ ಆಸ್ಪತ್ರೆಯಲ್ಲಿ ಬಳಕೆಯಲ್ಲಿದ್ದದ್ದು ಮಡಚಿಡಬಹುದಾದ ತುರ್ಕಿ ಲಾಟೀನು. ತೆರೆದ ಬತ್ತಿ ಹಿಡಿದು ಗಾಳಿಯಾಡುವ ಉದ್ದನೆಯ ವಾರ್ಡುಗಳಲ್ಲಿ ರಾತ್ರಿ ಸುತ್ತಲು ಸಾಧ್ಯವೇ? ಶಿಲ್ಪಿ ಇಲ್ಲಿ ದಾದಿಯನ್ನು ಬಿಟ್ಟು ದಂತಕಥೆಯನ್ನು ಎರಕ ಹೊಯ್ದಿದ್ದಾನೆ.

ಸೇಂಟ್ ಮಾರ್ಟಿನ್ಸ್ ಪ್ಲೇಸ್‌ನಲ್ಲಿ ಎಡಿತ್ ಕ್ಯಾವೆಲ್ ಇದ್ದಾಳೆ. ಮಿತ್ರಪಕ್ಷದ ಸೈನಿಕರನ್ನು ಪಾರುಮಾಡಿದ ತಪ್ಪಿಗೆ ಜರ್ಮನ್ನರು 1915ರ ಅಕ್ಟೋಬರ್ 12ರಂದು ಬ್ರಸೆಲ್ಸ್‌ನಲ್ಲಿ ಗುಂಡಿಟ್ಟು ಕೊಂದ ದಾದಿ ಈಕೆ. ಜಾರ್ಜ್ ಫ್ರಾಂಪ್ಟನ್ 1920ರಲ್ಲಿ ಕೊಟ್ಟದ್ದು 10 ಅಡಿಯ ಬಿಳಿ ಅಮೃತಶಿಲೆಯ ಕ್ಯಾವೆಲ್. ಬೆನ್ನಿಗೆ 40 ಅಡಿಯ ಬೂದು ಗ್ರಾನೈಟ್ ಸ್ತಂಭ. ಕಲ್ಲು ದೊಡ್ಡದಾಯಿತು, ದಾದಿ ಚಿಕ್ಕವಳಾದಳು. ದೇಶಭಕ್ತಿಯೊಂದೇ ಸಾಲದು, ಯಾರ ಮೇಲೂ ದ್ವೇಷ ಇರಬಾರದು ಎಂಬ ಆಕೆಯ ಮಾತನ್ನು ಪೀಠದಲ್ಲಿ ಕೆತ್ತಿಸಿದ್ದು 1924ರಲ್ಲಿ. ಅಷ್ಟು ಗ್ರಾನೈಟ್ ಹೇಳಲಾಗದ್ದನ್ನು ಆ ಎರಡು ಸಾಲು ಹೇಳಿದವು.

ಮೂರನೆಯದು ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ 2016ರಲ್ಲಿ ಅನಾವರಣಗೊಂಡ ಮೇರಿ ಸೀಕೋಲ್. ಶಿಲ್ಪಿ ಮಾರ್ಟಿನ್ ಜೆನಿಂಗ್ಸ್. ಜಮೈಕಾದ ಸೀಕೋಲ್ ಕ್ರೈಮಿಯಾ ಯುದ್ಧದ ವೇಳೆ ಬಾಲಾಕ್ಲಾವಾ ಬಳಿ ‘ಬ್ರಿಟಿಷ್ ಹೋಟೆಲ್’ ನಡೆಸಿದವಳು. ಔಷಧಿ ಹಿಡಿದು ರಣರಂಗಕ್ಕೂ ಹೋದವಳು. ಆಕೆಯನ್ನು ದಾದಿ ಎನ್ನಬಹುದೇ ಎಂದು ನೈಟಿಂಗೇಲ್ ಅಭಿಮಾನಿಗಳು ಜಗಳ ತೆಗೆದಿದ್ದರು. ಜೆನಿಂಗ್ಸ್ ವಾದಕ್ಕೆ ಇಳಿಯಲಿಲ್ಲ. ದೀಪವೂ ಇಲ್ಲ, ಹಾಸಿಗೆಯೂ ಇಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಎದುರುಗಾಳಿಗೆ ದಾಪುಗಾಲಿಡುತ್ತಿರುವ ಗಟ್ಟಿ ಹೆಂಗಸು. ಬೆನ್ನ ಹಿಂದಿನ ದೊಡ್ಡ ಕಂಚಿನ ಬಿಲ್ಲೆಯ ಮೇಲೆ ಕ್ರೈಮಿಯಾದಲ್ಲಿ ಆಕೆ ಓಡಾಡಿದ ನೆಲದ್ದೇ ಅಚ್ಚಿದೆ: ಅದೇ ಒರಟು, ಅದೇ ಬಿರುಕು.

ಮೂರರಲ್ಲಿ ನನ್ನ ಮತ ಇದಕ್ಕೇ. ಇಲ್ಲಿ ಕೈಗೆ ಏನು ಕೊಡಬೇಕೆಂದು ಶಿಲ್ಪಿ ಯೋಚಿಸಲಿಲ್ಲ. ಆಕೆ ಎಲ್ಲಿ ಕೆಲಸ ಮಾಡಿದಳು, ಹೇಗೆ ನಡೆದಳು ಎಂದು ಯೋಚಿಸಿದ. ಲಂಡನ್ನಿಗೆ ಹೋದವರು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಹೋಗಿ, ಒಮ್ಮೆ ನೋಡಿಬನ್ನಿ.