ಉಡಾಳ ಎನಿಸಿಕೊಂಡ ಹುಡುಗನಿಗೆ ಶಾಲೆಯಲ್ಲಿ ಯಾರಿದ್ದಾರೆ?

ಮಕ್ಕಳ ಮನಸ್ಸಿನ ತೊಳಲಾಟಕ್ಕೆ ಶಾಲೆಯಲ್ಲೇ ಆಸರೆ ಸಿಗಲೆಂದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ್ದು ಜೀವನ ಕೌಶಲ ಶಿಕ್ಷಣ. ಸಿಟ್ಟು ತಡೆದುಕೊಳ್ಳುವುದು, ಗೆಳೆಯರ ಒತ್ತಾಯಕ್ಕೆ ಒಲ್ಲೆನೆನ್ನುವುದು, ಯೋಚಿಸಿ ತೀರ್ಮಾನಿಸುವುದು, ಇವನ್ನೆಲ್ಲ ತರಬೇತಾದ ಶಿಕ್ಷಕರೇ ಪ್ರೌಢಶಾಲೆಯ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುತ್ತಾರೆ. ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನವು ವರ್ಷದ ಕೊನೆಗೆ ಈ ಪಾಠ ಪಡೆದ 605 ಮಕ್ಕಳನ್ನು, ಪಡೆಯದ 423 ಮಕ್ಕಳೊಡನೆ ಹೋಲಿಸಿತು. ಪಾಠ ಪಡೆದವರಲ್ಲಿ ಆತ್ಮವಿಶ್ವಾಸ ಹೆಚ್ಚಿತ್ತು, ಶಿಕ್ಷಕರೊಡನೆ ಹೊಂದಾಣಿಕೆಯೂ ಚೆನ್ನಾಗಿತ್ತು. ಆದರೆ ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ, ಮನೆಯವರೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದದ್ದು ಮೆಚ್ಚಬೇಕಾದ ಮಾತು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಆ ಕೊರತೆಯ ಭಾರ ತಿಳಿಯುತ್ತದೆ. ಇಲ್ಲಿನ ತಾಂಡಾಗಳಿಂದ, ಮಳೆ ನಂಬಿದ ಹಳ್ಳಿಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುತ್ತವೆ. ಮಗು ಜೊತೆಗೆ ಹೋದರೆ ಪಾಠ ತಪ್ಪುತ್ತದೆ, ಅಜ್ಜಿಯ ಬಳಿ ಉಳಿದರೆ ಅಪ್ಪ ಅವ್ವ ತಪ್ಪುತ್ತಾರೆ. ತರಗತಿಯಲ್ಲಿ ಹೊಡೆದಾಡುವ, ಇಲ್ಲವೇ ತಿಂಗಳುಗಟ್ಟಲೆ ಬಾಯಿಬಿಡದ ಮಗುವಿನ ಸಂಕಟದ ಬೇರು ಎಷ್ಟೋ ಸಲ ಮನೆಯಲ್ಲಿರುತ್ತದೆ. ಕಾರ್ಯಕ್ರಮದ ಕೈ ತಲುಪದಿರುವುದೂ ಅಲ್ಲಿಗೇ.

ಇದಕ್ಕೆ ಶಿಕ್ಷಕರನ್ನು ದೂರುವುದು ಅನ್ಯಾಯ. ಪಾಠ, ಬಿಸಿಯೂಟ, ಗಣತಿ, ಮೇಲಿಂದ ಮೇಲೆ ಬರುವ ತರಬೇತಿ, ಎಲ್ಲವೂ ಅವರ ಹೆಗಲ ಮೇಲೆಯೇ. 2020ರ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮವೂ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನೇ ಆರೋಗ್ಯ ರಾಯಭಾರಿಗಳನ್ನಾಗಿಸಿತು. ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳಲ್ಲಿ ನಡೆದ 'ಸೆಹರ್' ಪ್ರಯೋಗ ಬೇರೆ ದಾರಿ ತೋರಿಸಿದೆ. ಮಕ್ಕಳ ಆರೋಗ್ಯ ಕಾಯುವ ಒಂದೇ ಕೆಲಸವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರಿಗೆ, ಕೆಲವು ಶಾಲೆಗಳಲ್ಲಿ ತರಬೇತಿ ಕೊಟ್ಟ ಸಾಮಾನ್ಯ ಆಪ್ತಸಲಹೆಗಾರರಿಗೆ ವಹಿಸಲಾಯಿತು. ಸಲಹೆಗಾರರಿದ್ದಲ್ಲಿ ಖಿನ್ನತೆ, ಪೀಡನೆ ಎರಡೂ ತಗ್ಗಿದವು. ಶಿಕ್ಷಕರಿಗೆ ವಹಿಸಿದಲ್ಲಿ ಫಲ ಕಾಣಲಿಲ್ಲ. ಅಂಕ ಕೊಡದ, ಗದರದ ಒಬ್ಬ ವ್ಯಕ್ತಿ ಮಗುವಿಗೆ ಬೇಕು.

ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ತನೆಯ, ಕಲಿಕೆಯ ತೊಂದರೆಗಳನ್ನೂ ಗುರುತಿಸಬೇಕು. ಆದರೆ ಶಾಲೆಗೆ ಅದರ ಭೇಟಿ ವರ್ಷಕ್ಕೊಮ್ಮೆ. ಆ ದಿನ ಕಬ್ಬಿನ ಗದ್ದೆಯಲ್ಲಿರುವ ಮಗು ಪಟ್ಟಿಯಿಂದಲೇ ಹೊರಗುಳಿಯುತ್ತದೆ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಉಚಿತ, ಕನ್ನಡದಲ್ಲೂ ಉತ್ತರಿಸುತ್ತದೆ. ಆದರೆ ಮಗುವಿನ ಕೈಗೆ ಫೋನು ಕೊಡುವವರು ಬೇಕಲ್ಲ!

ಕ್ಲಸ್ಟರಿಗೊಬ್ಬ ಸ್ಥಳೀಯ ಯುವತಿ ಅಥವಾ ಯುವಕನನ್ನು ತರಬೇತಿ ಕೊಟ್ಟು ನೇಮಿಸಿದರೆ ಕೆಲಸ ಶುರುವಾಗುತ್ತದೆ. ದೀಪಾವಳಿಯ ಹೊತ್ತಿಗೆ ಗುಳೆ ಹೊರಡುವ ಮನೆಗಳನ್ನು ಮೊದಲೇ ಗುರುತಿಸಿ, ಉಳಿಯುವ ಮಕ್ಕಳನ್ನು ವಾರವಾರ ಮಾತಾಡಿಸಿ, ಮರಳಿ ಬಂದವರ ಮನೆಗೆ ಹೋಗಿ ಬರುವ ಹೊಣೆ ಅವರದಾಗಲಿ. ಅವರ ಸಂಬಳವನ್ನು ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆಯಲ್ಲಿ ಸೇರಿಸಲು ಜಿಲ್ಲಾ ಪಂಚಾಯಿತಿ ಪಟ್ಟು ಹಿಡಿಯಬೇಕು.