ಕರಗಿದ ಗೊಂಬೆ, ಉಳಿದ ಮಫ್ಲರ್

ರೇಮಂಡ್ ಬ್ರಿಗ್ಸ್ ಅವರ 'ದ ಸ್ನೋಮ್ಯಾನ್' ಚಿತ್ರಪುಸ್ತಕ 1978ರಲ್ಲಿ ಬಂತು. ಕತೆ ಹೇಳಲು ಅದರಲ್ಲಿ ಒಂದು ಮಾತೂ ಇಲ್ಲ, ಅನುವಾದಕರಿಗೆ ಕೆಲಸವೂ ಇಲ್ಲ. ಇದ್ದಿದ್ದರೆ ಶೀರ್ಷಿಕೆಯಲ್ಲೇ ತಡವರಿಸಬೇಕಿತ್ತು. 'ಹಿಮಮಾನವ' ಎಂದರೆ ನಮ್ಮಲ್ಲಿ ಯೇತಿ ಎದ್ದು ನಿಲ್ಲುತ್ತಾನೆ. ನಾನು ಸುಮ್ಮನೆ ಹಿಮದ ಗೊಂಬೆ ಎನ್ನುತ್ತೇನೆ.

ಕತೆ ಸಣ್ಣದು. ಬೆಳಗ್ಗೆ ಎದ್ದ ಹುಡುಗನಿಗೆ ಕಿಟಕಿಯಾಚೆ ಹಿಮ ಕಾಣುತ್ತದೆ. ಹೊರಗೆ ಓಡಿ ಗೊಂಬೆ ಕಟ್ಟುತ್ತಾನೆ, ಹ್ಯಾಟು ಮಫ್ಲರ್ ತೊಡಿಸುತ್ತಾನೆ, ಮೂಗಿಗೊಂದು ಕಿತ್ತಳೆ ಇಡುತ್ತಾನೆ. ರಾತ್ರಿ ಗೊಂಬೆಗೆ ಜೀವ ಬರುತ್ತದೆ. ಹುಡುಗ ಅವನನ್ನು ಒಳಗೆ ಕರೆದು ಮನೆಯೆಲ್ಲ ತೋರಿಸುತ್ತಾನೆ. ನಮಗೆ ಹಿತವಾದ ಬೆಂಕಿಯ ಶಾಖ ಆ ಅತಿಥಿಗೆ ಆಗಿಬರುವುದಿಲ್ಲ, ಫ್ರೀಜರಿನ ತಂಪು ಕಂಡರೆ ಖುಷಿ. ಆಮೇಲೆ ಇಬ್ಬರೂ ಆಕಾಶದಲ್ಲಿ ಹಾರಿ ಬರುತ್ತಾರೆ. ಮರುದಿನ ಹುಡುಗ ಹೊರಗೆ ಬಂದು ನೋಡಿದರೆ ಹ್ಯಾಟು, ಮಫ್ಲರ್, ಒಂದಿಷ್ಟು ಹಿಮ. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಯಾರೂ ಬಂದು ಹುಡುಗನ ತಲೆ ಸವರುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಇದನ್ನು ಪುಸ್ತಕವಾಗಿ ಅಲ್ಲ, ಯೂಟ್ಯೂಬಿನಲ್ಲಿ ಚಿತ್ರವಾಗಿ ನೋಡಿರುತ್ತೇವೆ. ಡಯಾನ್ ಜಾಕ್ಸನ್ ನಿರ್ದೇಶಿಸಿದ, ಅರ್ಧ ಗಂಟೆಗೂ ಕಡಿಮೆಯ ಆ ಅನಿಮೇಶನ್ 1982ರ ಡಿಸೆಂಬರ್ 26ರಂದು ಬ್ರಿಟನ್ನಿನ ಚಾನೆಲ್ 4ರಲ್ಲಿ ಮೊದಲು ಪ್ರಸಾರವಾಯಿತು. ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ಹೋವರ್ಡ್ ಬ್ಲೇಕ್ ಸಂಗೀತದಲ್ಲಿ ಬಾಲಕನೊಬ್ಬ ಹಾಡುವ ಆ ಹಾರಾಟದ ಹಾಡನ್ನು ಒಮ್ಮೆ ಕೇಳಿದರೆ ಮರೆಯುವುದು ಕಷ್ಟ. ಚಿತ್ರ ಚೆನ್ನಾಗಿದೆ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಅದು ಮೂಲಕ್ಕೆ ಸೇರಿಸಿದ ಒಂದು ವಸ್ತುವಿನ ಬಗ್ಗೆ.

ಪುಸ್ತಕದಲ್ಲಿ ಕ್ರಿಸ್‌ಮಸ್ ಇಲ್ಲ. ಚಿತ್ರದಲ್ಲಿ ಇಬ್ಬರೂ ಉತ್ತರ ಧ್ರುವಕ್ಕೆ ಹಾರಿ ಕ್ರಿಸ್‌ಮಸ್ ತಾತನನ್ನು ಕಾಣುತ್ತಾರೆ, ತಾತ ಹುಡುಗನಿಗೆ ಒಂದು ಮಫ್ಲರ್ ಕೊಡುತ್ತಾನೆ. ಮರುದಿನ ಕರಗಿದ ಗೊಂಬೆಯ ಮುಂದೆ ನಿಂತ ಹುಡುಗ ಜೇಬಿಗೆ ಕೈ ಹಾಕಿದರೆ ಆ ಮಫ್ಲರ್ ಸಿಗುತ್ತದೆ. ಅಂದರೆ ನಿನ್ನೆ ನಡೆದದ್ದು ಕನಸಲ್ಲ, ಸಾಕ್ಷಿ ಇದೆ. ಮುಂದೆ ಅಮೆರಿಕದ ಪ್ರೇಕ್ಷಕರಿಗಾಗಿ ಇನ್ನೊಂದು ಮುನ್ನುಡಿ ಸೇರಿಸಿದರು. ಅದರಲ್ಲಿ ಗಾಯಕ ಡೇವಿಡ್ ಬೋವಿ ಬೆಳೆದ ಹುಡುಗನಾಗಿ ಹಳೆಯ ಮನೆಯ ಅಟ್ಟ ಹತ್ತಿ, ಡ್ರಾಯರಿನಿಂದ ಅದೇ ಮಫ್ಲರ್ ತೆಗೆದು ತೋರಿಸುತ್ತಾನೆ. ಪುಸ್ತಕದಲ್ಲಿ ಒಂದು ದಿನ ಒಂದು ರಾತ್ರಿಯ ಸಂತೋಷವಾಗಿದ್ದದ್ದು ಇಲ್ಲಿಗೆ ಬರುವಾಗ ಅಟ್ಟದ ಮೇಲಿನ ನೆನಪಾಗಿದೆ.

ಈ ವ್ಯತ್ಯಾಸ ಸಣ್ಣದಲ್ಲ. ಬ್ರಿಗ್ಸ್ ಅವರ ತಾಯಿ ತಂದೆ ಇಬ್ಬರೂ 1971ರಲ್ಲಿ ತೀರಿಕೊಂಡರು, ಹೆಂಡತಿ 1973ರಲ್ಲಿ. ಗೊಂಬೆ ಕರಗುತ್ತದೆ, ಅಪ್ಪ ಅಮ್ಮ ಸಾಯುತ್ತಾರೆ, ಅದರಲ್ಲಿ ವಿಶೇಷವಾದ ವಿಷಾದವೇನೂ ಇಲ್ಲ, ಬದುಕು ಇರುವುದೇ ಹಾಗೆ ಎಂಬ ಅರ್ಥದ ಮಾತನ್ನು ಅವರು ಮುಂದೆ ಆಡಿದ್ದರು. ಅದನ್ನು ತಿಳಿದು ಪುಸ್ತಕಕ್ಕೆ ಮರಳಿದರೆ ಗೊಂಬೆ ಕಟ್ಟುವ ಪುಟಗಳೇ ಬೇರೆಯಾಗಿ ಕಾಣುತ್ತವೆ. ಸಣ್ಣ ಸಣ್ಣ ಚೌಕಗಳಲ್ಲಿ, ಬಣ್ಣದ ಪೆನ್ಸಿಲಿನ ಮೆತ್ತನೆ ಗೆರೆಗಳಲ್ಲಿ, ಒಂದಾದ ಮೇಲೊಂದು ಕೆಲಸ ನಡೆಯುತ್ತದೆ. ಲೇಖಕರು ನಿಟ್ಟುಸಿರು ಬಿಡುವುದಿಲ್ಲ. ಕಟ್ಟುವ ಖುಷಿಗೆ ಸಲ್ಲಬೇಕಾದ ಜಾಗ ಪೂರ್ತಿ ಸಂದಿದೆ, ಆದ್ದರಿಂದಲೇ ಕೊನೆಯ ಪುಟ ಅಷ್ಟು ಭಾರವಾಗಿದೆ.

ಹೊರನಾಡಿನಲ್ಲಿ ಕೂತು ನಾವು ಬರೆಯುವ 'ಅಮ್ಮನ ಕೈರುಚಿ'ಯ ಲೇಖನಗಳನ್ನು ಓದುವಾಗ ನನಗೆ ಈ ಎರಡು ಕೊನೆಗಳು ನೆನಪಾಗುತ್ತವೆ. ಆ ಲೇಖನಗಳ ದಾರಿ ನಮಗೆಲ್ಲ ಗೊತ್ತು. ರಜೆ ಮುಗಿಸಿ ಹೊರಟಾಗ ಬ್ಯಾಗಿನಲ್ಲಿ ಚಟ್ನಿಪುಡಿಯ ಡಬ್ಬ, ಪಿಜಿಯ ರುಚಿಯಿಲ್ಲದ ದಾಲ್, ಅಮ್ಮನಿಗೆ ಫೋನು, ಕೊನೆಗೆ ಪುಣೆಯದೋ ಹೈದರಾಬಾದಿನದೋ ಫ್ಲ್ಯಾಟಿನಲ್ಲಿ ಥೇಟ್ ಅಮ್ಮನ ಸಾರಿನದೇ ಘಮ. ಜೇಬಿನಲ್ಲಿ ಮಫ್ಲರ್ ಸಿಕ್ಕೇ ಸಿಗುತ್ತದೆ. ಕಳೆದದ್ದೇನೂ ಇಲ್ಲ ಎಂದು ಓದುಗರ ಬೆನ್ನು ತಟ್ಟಿ ಕಳಿಸುತ್ತೇವೆ. ಆದರೆ ಅಮ್ಮ ಏನು ಮಾಡುತ್ತಿದ್ದಳು, ಯಾವುದನ್ನು ಮೊದಲು ಹುರಿಯುತ್ತಿದ್ದಳು, ಎಲ್ಲಿ ಕೈ ತಡೆಯುತ್ತಿದ್ದಳು ಎಂಬುದು ಆ ಲೇಖನಗಳಲ್ಲಿ ಬಹಳ ಕಡಿಮೆ. ನೆನಪಿಗೆ ಕೊಟ್ಟ ಜಾಗವನ್ನು ಕೆಲಸಕ್ಕೆ ಕೊಟ್ಟಿಲ್ಲ.

ಕನ್ನಡದಲ್ಲಿ ಅಡುಗೆ ಬರೆಯುವುದು ಹೊಸದೇನಲ್ಲ. ಮೂರನೆಯ ಮಂಗರಸ 16ನೇ ಶತಮಾನದ ಮೊದಲ ಭಾಗದಲ್ಲೇ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಪಾನಕ, ಅನ್ನ, ಹಿಟ್ಟಿನ ಭಕ್ಷ್ಯಗಳು, ತರಕಾರಿಗಳಲ್ಲಿ ಬದನೆಗೆ ವಿಶೇಷ ಮನ್ನಣೆ. ಅಲ್ಲಿ ಕವಿಯ ಗಮನವೆಲ್ಲ ಪದಾರ್ಥದ ಮೇಲೆ, ಅದನ್ನು ಹದ ಮಾಡುವ ಕೈಯ ಮೇಲೆ. ಹಾಗೆಂದು ನಾವೂ ಷಟ್ಪದಿ ಬರೆಯಬೇಕೆಂದಲ್ಲ, ಆ ಗಮನವನ್ನಾದರೂ ಕಡ ತರಬಹುದು.

ಇದನ್ನು ನಾನು ದೂರ ನಿಂತು ಹೇಳುತ್ತಿಲ್ಲ. ಪ್ರಾಜೆಕ್ಟ್ ಬಿಟ್ಟು ಹೋಗುವವರಿಂದ ಎರಡು ವಾರ 'ನಾಲೆಜ್ ಟ್ರಾನ್ಸ್‌ಫರ್' ಮಾಡಿಸುವುದು ನನ್ನ ಉದ್ಯೋಗದ ಒಂದು ಭಾಗ. ಡಾಕ್ಯುಮೆಂಟಿನಲ್ಲಿ ಎಲ್ಲ ಬರುತ್ತದೆ, ಬೆರಳಲ್ಲಿದ್ದದ್ದು ಮಾತ್ರ ಆ ಮನುಷ್ಯನ ಜೊತೆಗೇ ಹೊರಟುಹೋಗುತ್ತದೆ. ನಮ್ಮ ಮನೆಯ ಸಾರಿನ ಪುಡಿಗೂ ಒಂದು ಎಕ್ಸೆಲ್ ಹಾಳೆಯಿದೆ: ಧನಿಯ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಕರಿಮೆಣಸು, ಸಾಸಿವೆ, ಇಂಗು, ಕರಿಬೇವು. ಅಮ್ಮನ ಪಾವು, ಹಿಡಿ, ಚಿಟಿಕೆಗಳನ್ನು ತೂಕದ ಯಂತ್ರದ ಮೇಲಿಟ್ಟು ಗ್ರಾಂ ಮಾಡಿದ್ದೇನೆ. ಆದರೆ 'ಎಷ್ಟು ಹೊತ್ತು ಹುರಿಯಬೇಕು' ಎಂಬ ಕಾಲಮ್ಮಿನಲ್ಲಿ ಉದ್ದಕ್ಕೂ ಒಂದೇ ಉತ್ತರ: ಘಂ ಅನ್ನೋವರೆಗೆ.

ಎರಡು ವರ್ಷದಿಂದ ಅಮ್ಮನಿಗೆ ವಾಸನೆ ತಿಳಿಯುವುದಿಲ್ಲ. ಔಷಧಿ ಆಯಿತು, ಪ್ರಯೋಜನವಾಗಲಿಲ್ಲ. ಈಗ ಮಗಳು ಬಾಣಲೆ ಮುಂದೆ ನಿಲ್ಲುತ್ತಾಳೆ, ಅಮ್ಮ ಪಕ್ಕದ ಸ್ಟೂಲಿನ ಮೇಲೆ. "ಘಂ ಅಂತಿದೆಯೇನೇ ಪುಟ್ಟಿ?" "ಅಂತಿದೆ ಅಜ್ಜಿ." "ಯಾವ ಥರ ಘಂ?" ಮಗಳು ಯೋಚಿಸುತ್ತಾಳೆ. ಮಳೆ ಬಿದ್ದ ಮಣ್ಣಿನ ಥರ ಎಂದರೆ, ಅಮ್ಮ ಇನ್ನೂ ಸ್ವಲ್ಪ ಎನ್ನುತ್ತಾಳೆ. ಬಿಸ್ಕತ್ತಿನ ಥರ ಎಂದಾಗ, ಇಳಿಸು ಎನ್ನುತ್ತಾಳೆ. ಹೀಗೆ ಆದ ಪುಡಿ ಅಮ್ಮನ ಪುಡಿಯಂತಿಲ್ಲ. ನನಗೆ ಅದು ಗೊತ್ತು. ಅಮ್ಮನಿಗೆ ಗೊತ್ತಾಗುವ ದಾರಿಯೇ ಇಲ್ಲ, ಅವಳು ಕೇಳುವುದೂ ಇಲ್ಲ. ಈ ಸಂಗತಿಯನ್ನು 'ಥೇಟ್ ಅದೇ ಘಮ' ಎಂದು ಮುಗಿಸಿದರೆ ಓದಲು ಹಿತವಾಗಿರುತ್ತದೆ, ನಿಜವಾಗಿರುವುದಿಲ್ಲ. ಮಿಗಿಲಾಗಿ, ಆ ಸ್ಟೂಲಿನ ಮೇಲೆ ಕೂತು ಅವಳು ಮಾಡುತ್ತಿರುವ ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಚಿತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಮಕ್ಕಳ ಕೈಗೆ ಏನಾದರೂ ಕೊಟ್ಟು ಕಳಿಸಬೇಕೆನಿಸುವುದು ಸಹಜ. ಮಫ್ಲರ್ ಸುಳ್ಳಲ್ಲ, ಎಕ್ಸೆಲ್ ಹಾಳೆಯೂ ಸುಳ್ಳಲ್ಲ. ಅದಿಲ್ಲದಿದ್ದರೆ ಮಗಳು ಬಾಣಲೆ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಆದರೆ ಮಫ್ಲರ್ ಗೊಂಬೆಯಲ್ಲ. ಚಿತ್ರ ಆ ಎರಡರ ನಡುವಿನ ಅಂತರವನ್ನು ಮುಚ್ಚುತ್ತದೆ, ಪುಸ್ತಕ ತೆರೆದಿಡುತ್ತದೆ. ನಮ್ಮ ಅಡುಗೆಯ ಬರಹಗಳೂ ಆ ಅಂತರವನ್ನು ತೆರೆದಿಟ್ಟರೆ ಸಾಕು. ಹಿಮ ಮತ್ತೆ ಬಿದ್ದಾಗ ಹುಡುಗ ಕಟ್ಟುವುದು ಬೇರೆ ಗೊಂಬೆಯನ್ನೇ. ಅದಕ್ಕೆ ಅವನಿಗೆ ಬೇಕಾದದ್ದು ಹಿಮವನ್ನು ಉರುಳಿಸುವುದು ಹೇಗೆಂಬುದು, ಅದು ಪುಸ್ತಕದ ಮೊದಲ ಪುಟಗಳಲ್ಲೇ ಇದೆ.